ಕನ್ನಡ ಕಲಿತ ಪಾದ್ರಿಯಿಂದ ಪಹಣಿ ಓದುವ ಕಾರ್ಯಕರ್ತನವರೆಗೆ

ಮಿಷನ್ ಕೆಲಸಕ್ಕೆ ಜನರನ್ನು ತಯಾರು ಮಾಡುವುದೆಂದರೆ 19ನೇ ಶತಮಾನದಲ್ಲಿ ಮುಖ್ಯವಾಗಿ ಭಾಷೆ ಕಲಿಸುವುದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಕನ್ನಡಕ್ಕೆ ಕೈಹಾಕಿದ್ದರ ಫಲವೇ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ, 1894ರ ಕಿಟೆಲ್ ನಿಘಂಟು. ಕಾರವಾರ ಸೀಮೆಯ ಕ್ಯಾಥೊಲಿಕರ ಪರಿಸ್ಥಿತಿ ಬೇರೆ. ಭಕ್ತರು ಬಹುಪಾಲು ಕೊಂಕಣಿಗರು, ಪೂಜೆ ಲ್ಯಾಟಿನ್‌ನಲ್ಲಿ. ಇಗರ್ಜಿಯ ಆಚೆಗಿನ ಊರಿನೊಡನೆ ಮಾತು ಬೆಳೆಸುವ ಒತ್ತಡ ತರಬೇತಿಯಲ್ಲಿ ಕಡಿಮೆಯಿತ್ತು.

1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಈ ಚೌಕಟ್ಟನ್ನು ಸಡಿಲಿಸಿತು. ಪೂಜೆಗೆ ಜನಭಾಷೆ ಬಂತು. 1967ರಲ್ಲಿ ಕ್ಯಾಥೊಲಿಕ್ ಪಾದ್ರಿ ಅಮಲೋರ್ಪವದಾಸ್ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ತರಬೇತಿ ಕೇಂದ್ರವೊಂದು ಶುರುವಾಯಿತು. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರ ಧರ್ಮಪ್ರಾಂತ್ಯ (ಬಿಷಪ್ಪರೊಬ್ಬರ ಆಡಳಿತ ಪ್ರದೇಶ) ಆದಾಗ, ಅದರ ವ್ಯಾಪ್ತಿಗೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿಗಳ (ಆಫ್ರಿಕಾ ಮೂಲದ ಸಮುದಾಯ) ಕೇರಿಗಳೂ ಬಂದವು.

ಇಲ್ಲಿ ಭಾಷೆಯ ಪಾಠ ಒಂದೇ ಅಲ್ಲ. ಕಾರವಾರದಲ್ಲಿ ಕೊಂಕಣಿ, ಅಂಕೋಲೆಯಲ್ಲಿ ಹಾಲಕ್ಕಿ ಕನ್ನಡ, ಭಟ್ಕಳದಲ್ಲಿ ನವಾಯತಿ, ಶಿರಸಿಯಲ್ಲಿ ಹವಿಗನ್ನಡ, ಹಳಿಯಾಳದಲ್ಲಿ ಮರಾಠಿ. ಪುಸ್ತಕದ ಕನ್ನಡ ಕಲಿತು ಬಂದವರಿಗೆ ಕೇರಿಯ ಸಭೆಯಲ್ಲಿ ಹೆಂಗಸರು ತಮ್ಮತಮ್ಮಲ್ಲೇ ಆಡುವ ಮಾತು ತಿಳಿಯದು. ಮುಖ್ಯ ವಿಷಯ ಇರುವುದು ಅಲ್ಲೇ.

ಅಷ್ಟರಲ್ಲಿ ಉತ್ತರ ಕನ್ನಡ ಜಿಲ್ಲೆಯೇ ಬದಲಾಯಿತು. 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು, ಕಾಳಿ ನದಿಗೆ ಅಣೆಕಟ್ಟುಗಳು, 1998ರಲ್ಲಿ ಕೊಂಕಣ ರೈಲು, 2000ದಲ್ಲಿ ಕೈಗಾದ ಅಣುವಿದ್ಯುತ್. ನೆಲ ಕಳಕೊಂಡವರು ಶಾಲೆ-ದವಾಖಾನೆಗಷ್ಟೇ ಅಲ್ಲ, ಪರಿಹಾರದ ಕಾಗದ ಹಿಡಿದೂ ಮಿಷನ್ ಬಾಗಿಲಿಗೆ ಬಂದರು. ಸಾಂತ್ವನ ಹೇಳಲು ಕಲಿತವರಿಗೆ ಪಹಣಿ ಓದಲು ಯಾರೂ ಕಲಿಸಿರಲಿಲ್ಲ. ಕೊರತೆ ಎದ್ದು ಕಂಡದ್ದು ಇಲ್ಲಿಂದ.

ಅರಣ್ಯದಲ್ಲಿ ನೆಲೆಸಿದವರಿಗೆ ಆ ನೆಲದ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ (2006) ಇದಕ್ಕೆ ಒಳ್ಳೆಯ ಉದಾಹರಣೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಅದರ ಜೊತೆಗೆ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸಕ್ಕೂ ಆಧಾರ ಕೊಡಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದ್ದಾರೆ. ಹಾಲಕ್ಕಿ, ಕುಣಬಿಗಳ ಬೇಡಿಕೆ ಇನ್ನೂ ಈಡೇರಿಲ್ಲ. ಸಿದ್ದಿ ಕುಟುಂಬದ ಹಕ್ಕಿನ ಅರ್ಜಿ (ನಮೂನೆ ಎ) ತುಂಬುವಾಗ ಕಾರ್ಯಕರ್ತ ತಪ್ಪು ಕಾಲಂ ಹಿಡಿದರೆ ಇಲ್ಲದ 75 ವರ್ಷದ ದಾಖಲೆ ಹುಡುಕುತ್ತ ಕೂರಬೇಕಾಗುತ್ತದೆ. ‘ಕ್ರೈಸ್ತರಿಗೆ ಮೀಸಲಾತಿ ಇಲ್ಲವಲ್ಲ’ ಎಂಬ ಗೊಂದಲವೂ ಉಂಟು. ಧರ್ಮದ ನಿರ್ಬಂಧ ಇರುವುದು 1950ರ ಪರಿಶಿಷ್ಟ ಜಾತಿ ಆದೇಶಕ್ಕೆ, ಪಂಗಡಕ್ಕೆ ಅದಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರೂ ಪಂಗಡದವರೇ.

ಅರ್ಜಿಗೆ ಒಂದೇ ದಾಖಲೆ ಸಾಲದು. ಮತದಾರರ ಪಟ್ಟಿ, ತೆರಿಗೆ ರಸೀದಿಗಳಂಥ ಕಾಗದ ಇಲ್ಲದಿದ್ದರೆ ಅರ್ಜಿದಾರರಲ್ಲದ ಹಿರಿಯರ ಬರೆದ ಹೇಳಿಕೆ, ಬಾವಿ, ಬದು, ಸಮಾಧಿಗಳೂ ನಡೆಯುತ್ತವೆ. ಉಪವಿಭಾಗ ಸಮಿತಿ ತಿರಸ್ಕರಿಸಿದರೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಹೋಗಬೇಕು. ‘ಆಗಲಿಲ್ಲವಂತೆ’ ಎಂಬ ಬಾಯಿಮಾತು ನಂಬಿ ಕೂತರೆ ಗಡುವು ದಾಟುತ್ತದೆ. ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವುದು ಮೊದಲ ಕೆಲಸ.

ಹಾಸ್ಟೆಲ್ ನೋಡಿಕೊಳ್ಳುವವರಿಗೆ 2012ರ ಪೋಕ್ಸೊ ಕಾಯ್ದೆ ಇನ್ನೂ ಬಿಗಿಯಾದ ಪಾಠ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸಜೆ. ‘ಮೊದಲು ದೊಡ್ಡವರಿಗೆ ತಿಳಿಸೋಣ’ ಎಂಬ ಹಳೆಯ ವಿಧೇಯತೆಯ ರೂಢಿ ಇಲ್ಲಿ ಅಪಾಯಕಾರಿ. ಒಳಗಿನ ವಿಚಾರಣೆಗೆ ಕಳೆದ ದಿನಗಳಲ್ಲಿ ವೈದ್ಯಕೀಯ ಸಾಕ್ಷ್ಯ ಅಳಿಯುತ್ತದೆ, ಮಗುವಿನ ಮೇಲೆ ಒತ್ತಡ ಬೀಳುತ್ತದೆ.

ಇನ್ನು ಹಣ. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ; ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆಯಿಂದ ಬರುವ ವಿದೇಶಿ ಹಣವನ್ನೇ ನೆಚ್ಚಿದ್ದ ಚಿಕ್ಕ ಕೇಂದ್ರಗಳು ಈಗ ಊರಲ್ಲೇ ಹಣ ಹುಡುಕಬೇಕು, ಲೆಕ್ಕ ತಾವೇ ಬರೆಯಬೇಕು. ಹೊಸಬರ ತರಬೇತಿಯಲ್ಲಿ ಬೈಬಲ್ ತರಗತಿಯ ಪಕ್ಕದಲ್ಲೇ ಕ್ಯಾಶ್‌ಬುಕ್, ವೋಚರ್‌ಗಳಿಗೂ ಒಂದು ವಾರ ಮೀಸಲಿಡಬೇಕಾದ್ದು ಇದಕ್ಕೇ.