ಅಲ್ಲಿ ಎಂತೋ ಇದ್ದು

ಹೋದ ಮಳೆಗಾಲದಲ್ಲಿ ಶಿರಸಿ ಹತ್ತಿರದ ತವರುಮನೆಗೆ ಹೋಗಿದ್ದೆ. ಸಂಜೆ ಹೊತ್ತು, ಮಳೆ ಸ್ವಲ್ಪ ಹೊಳವಾಗಿತ್ತು. ಹಂಡೆ ಒಲೆಗೆ ಕಟ್ಟಿಗೆ ತರೋಣ ಅಂತ ಬಚ್ಚಲಮನೆ ಹಿಂದೆ ಹೊರಟೆ. ನಮ್ಮ ಬೂದು ಬೆಕ್ಕು ಚಿನ್ನಿ ಅಲ್ಲೇ ನಿಂತಿತ್ತು. ಮುಂದಿನ ಒಂದು ಕಾಲು ಎತ್ತಿದ್ದು ಹಾಗೇ ಗಾಳಿಯಲ್ಲಿತ್ತು. ಎರಡೂ ಕಿವಿ ಕಟ್ಟಿಗೆ ರಾಶಿಯ ಬುಡಕ್ಕೇ ನೆಟ್ಟಿದ್ದವು. ಬಾಲದ ತುದಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ.

ಆಯಿ ಬಾಗಿಲಿಂದಲೇ ಕೂಗಿದಳು. "ಕೂಸೇ, ಅತ್ಲಾಗೆ ಹೋಗಡ. ಅಲ್ಲಿ ಎಂತೋ ಇದ್ದು."

ದೂರದಿಂದ ಟಾರ್ಚ್ ಬಿಟ್ಟು ನೋಡಿದೆವು. ಬಿದ್ದಿದ್ದ ಅಡಿಕೆ ಹಾಳೆಯ ಕೆಳಗೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ನಾನು ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಹಾಳೆ ಮೇಲೇ ಕಾಲಿಡುತ್ತಿದ್ದೆ. ಆಯಿಗೆ ಹಾವು ಕಂಡಿರಲಿಲ್ಲ. ಅವಳು ನೋಡಿದ್ದು ಬೆಕ್ಕು ನಿಂತ ರೀತಿಯನ್ನು.

ಹಾವು ಹಿಡಿಯುವವರು ಬಂದು ಅದನ್ನು ಒಯ್ದ ಮೇಲೂ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಚಿನ್ನಿಗೆ ಅದು ಹೇಗೆ ಗೊತ್ತಾಯಿತು ಅನ್ನುವ ಯೋಚನೆ ಅವತ್ತಿಂದ ತಲೆಯಲ್ಲಿ ಕೂತುಬಿಟ್ಟಿದೆ.

ಮೊದಲ ಸುಳಿವು ಕೊಟ್ಟಿದ್ದು ಬಹುಶಃ ಕಿವಿ. ನಮಗೆ ಕೇಳುವುದು ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು (ದನಿ ಎಷ್ಟು ಕೀಚಲು ಅನ್ನುವುದರ ಅಳತೆ ಇದು). ಬೆಕ್ಕಿಗೆ ಸುಮಾರು 85 ಕಿಲೋಹರ್ಟ್ಸ್‌ವರೆಗೂ ಕೇಳುತ್ತದೆ. ನಾಯಿಗೂ ಅಷ್ಟು ಕೇಳುವುದಿಲ್ಲ. ಇಲಿಮರಿಗಳು ಗೂಡಿನಲ್ಲಿ ಎಷ್ಟು ಕೀಚಲು ದನಿಯಲ್ಲಿ ಕೂಗಿಕೊಳ್ಳುತ್ತವೆ ಅಂದರೆ ನಮ್ಮ ಪಾಲಿಗೆ ಅದು ಪೂರ್ತಿ ಮೌನ. ಬೆಕ್ಕಿನ ಕಿವಿ ತಯಾರಾಗಿರುವುದೇ ಅಂಥ ದನಿಗೆ. ಒಣ ಹಾಳೆಯ ಮೇಲೆ ಹಾವಿನ ಹೊಟ್ಟೆ ಉಜ್ಜಿದ ಸದ್ದಿನಲ್ಲೂ ಈ ಕೀಚಲು ದನಿಯ ಪಾಲು ಇರುತ್ತದೆ. ಜತೆಗೆ ಬೆಕ್ಕು ಒಂದೊಂದು ಕಿವಿಯನ್ನೂ ಬೇರೆ ಬೇರೆಯಾಗಿ ಅರ್ಧ ಸುತ್ತು ತಿರುಗಿಸಬಲ್ಲದು. ತಲೆ ಅಲ್ಲಾಡಿಸದೆಯೇ ಸದ್ದು ಎಲ್ಲಿಂದ ಬಂತು ಅಂತ ಹುಡುಕುತ್ತದೆ. ಜಗಲಿಯಲ್ಲಿ ನಿದ್ದೆ ಮಾಡುವ ಬೆಕ್ಕನ್ನು ಸುಮ್ನೆ ನೋಡುತ್ತಾ ಕೂರಿ. ಕಣ್ಣು ಮುಚ್ಚಿರುತ್ತದೆ, ಕಿವಿ ಮಾತ್ರ ಅಂಗಳದ ಕಡೆಗೊಮ್ಮೆ, ಅಡುಗೆಮನೆ ಕಡೆಗೊಮ್ಮೆ ತಿರುಗುತ್ತಿರುತ್ತದೆ.

ಕತ್ತಲಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ನಮಗೆ ಬೇಕಾದ ಬೆಳಕಿನ ಆರನೇ ಒಂದು ಪಾಲು ಸಾಕು. ಆದರೆ ಮೂಗಿನ ಮುಂದೆಯೇ ಇರುವುದು ಅದಕ್ಕೆ ಮಸುಕು ಮಸುಕು. ಆ ಕೊರತೆ ತುಂಬುವುದು ಮೀಸೆ. ಬೇಟೆ ಹತ್ತಿರವಾದಾಗ ಮೀಸೆಗಳು ಮುಂದಕ್ಕೆ ಬಾಗುತ್ತವೆ. ಮುಂಗಾಲಿನ ಹಿಂಬದಿಯಲ್ಲೂ ಅಂಥದೇ ನಾಲ್ಕಾರು ಗಡುಸು ಕೂದಲಿರುತ್ತವೆ, ಹೆಚ್ಚಿನವರು ಗಮನಿಸಿರುವುದಿಲ್ಲ. ವಾಸನೆಗಂತೂ ಎರಡು ದಾರಿ. ಮೂಗು ಒಂದು, ಬಾಯಿಯ ಮೇಲಂಗಳದಲ್ಲಿ ತೆರೆದುಕೊಳ್ಳುವ ಜೇಕಬ್‌ಸನ್ ಅಂಗ ಇನ್ನೊಂದು. ಬೇರೆ ಬೆಕ್ಕು ಉಚ್ಚೆ ಹೊಯ್ದು ಹೋದ ಜಾಗ ಮೂಸಿ ಬಾಯಿ ಅರ್ಧ ತೆರೆದುಕೊಂಡು ನಿಲ್ಲುತ್ತದಲ್ವಾ, ಅದು ಈ ಅಂಗಕ್ಕೆ ವಾಸನೆ ಕಳಿಸುವ ಕ್ರಮ.

ಇನ್ನು ಹೆದರಿಕೆಯ ಮಾತು. ಹೆದರಿದಾಗ ಮೈಯೊಳಗೆ ಏನಾಗುತ್ತದೆ ಅಂತ ವಿಜ್ಞಾನ ಕಲಿತಿದ್ದರಲ್ಲಿ ಬೆಕ್ಕಿನ ಪಾಲು ದೊಡ್ಡದು. ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಅನ್ನುವವರು ಬೆಕ್ಕಿನ ಹೊಟ್ಟೆಯೊಳಗೆ ಅನ್ನ ಹೇಗೆ ಸಾಗುತ್ತದೆ ಅಂತ ಎಕ್ಸ್‌ರೇಯಲ್ಲಿ ನೋಡುತ್ತಿದ್ದರು. ಬೆಕ್ಕು ಗಾಬರಿಯಾದ ಕೂಡಲೇ ಜಠರದ ಅಲುಗಾಟ ನಿಂತುಹೋಗುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಇದು ಅವರ ಮನಸ್ಸು ಹಿಡಿಯಿತು. 1911ರಲ್ಲಿ ಜೊತೆಗಾರರೊಬ್ಬರೊಂದಿಗೆ ಬೆಕ್ಕಿನ ಮುಂದೆ ನಾಯಿ ಬೊಗಳಿಸಿ ರಕ್ತ ಪರೀಕ್ಷಿಸಿದರು. ಹೆದರಿದ ಬೆಕ್ಕಿನ ರಕ್ತದಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನ್ ಇತ್ತು, ಶಾಂತವಾಗಿದ್ದಾಗ ತೆಗೆದ ರಕ್ತದಲ್ಲಿ ಇರಲಿಲ್ಲ. ಕಾದಾಡು ಇಲ್ಲವೇ ಓಡು ಅಂತ ಮೈ ಸಜ್ಜಾಗುತ್ತದೆ ಅನ್ನುವ ವಿವರಣೆ ಬೆಳೆದಿದ್ದು ಇಲ್ಲಿಂದ. ಅದೇ ಅಡ್ರಿನಲಿನ್ ಕಟ್ಟಿಗೆ ರಾಶಿ ಹತ್ತಿರ ನನ್ನ ಎದೆಯನ್ನೂ ಹೊಡೆಸುತ್ತಿತ್ತು. ಆ ಬೆಕ್ಕುಗಳು ಪಟ್ಟ ಹೆದರಿಕೆ ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಕಾದಾಡುವುದು, ಓಡುವುದು ಎರಡಕ್ಕೂ ಮೊದಲು ಬೆಕ್ಕು ಮಾಡುವುದು ಚಿನ್ನಿ ಮಾಡಿದ್ದನ್ನೇ. ಅಲ್ಲಾಡದೆ ನಿಲ್ಲುವುದು. ಅಲ್ಲಾಡಿದ್ದು ಬೇಗ ಕಣ್ಣಿಗೆ ಬೀಳುತ್ತದೆ, ಅದಕ್ಕೆ. ಅಪಾಯ ಮೇಲೇ ಬಂತು ಅಂದರೆ ಓಟ. ಓಡಲು ಜಾಗ ಇಲ್ಲದಾಗ ಮಾತ್ರ ಬೆನ್ನು ಬಿಲ್ಲಾಗಿ ಬಾಗುತ್ತದೆ, ಮೈಗೂದಲು ನಿಮಿರುತ್ತದೆ, ಕಿವಿ ತಲೆಗೆ ಅಂಟಿಕೊಳ್ಳುತ್ತದೆ, ಬಾಯಿಂದ ಬುಸ್ ಅನ್ನುವ ಸದ್ದು ಬರುತ್ತದೆ. ಇದನ್ನು ಸಿಟ್ಟು ಅಂದುಕೊಳ್ಳುವವರೇ ಜಾಸ್ತಿ. ಅದು ಸಿಟ್ಟಲ್ಲ, ಭಯ. ಅಂಥ ಹೊತ್ತಲ್ಲಿ ಎತ್ತಿಕೊಳ್ಳಲು ಹೋದರೆ ಪರಚದೆ ಇನ್ನೇನು ಮಾಡೀತು?

ಹಾವಿನ ಮುಂದೆ ನಾಯಿಗಿಂತ ಬೆಕ್ಕಿಗೆ ಬದುಕುವ ಅವಕಾಶ ಜಾಸ್ತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು 2020ರಲ್ಲಿ ಹೇಳಿದ ಲೆಕ್ಕ ಹೀಗಿದೆ: ಅಲ್ಲಿನ ಕಂದು ಹಾವು ಕಚ್ಚಿ ಔಷಧಿ ಸಿಗದೇ ಹೋದರೂ 66% ಬೆಕ್ಕುಗಳು ಬದುಕುತ್ತವೆ, ನಾಯಿಗಳಲ್ಲಿ 31% ಮಾತ್ರ. ಆ ವಿಷ ಬೆಕ್ಕಿನ ರಕ್ತವನ್ನು ನಾಯಿಯ ರಕ್ತದಷ್ಟು ಬೇಗ ಹೆಪ್ಪುಗಟ್ಟಿಸುವುದಿಲ್ಲ. ಸ್ವಭಾವವೂ ಕಾರಣ. ನಾಯಿ ಮೂತಿ ಇಟ್ಟು ಮೂಸುತ್ತದೆ, ಕಚ್ಚಿಸಿಕೊಳ್ಳುವುದು ಮುಖಕ್ಕೇ. ಬೆಕ್ಕು ದೂರ ನಿಂತು ಪಂಜದಿಂದ ಹೊಡೆಯುತ್ತದೆ. ಹಾಗಂತ ನಮ್ಮ ನಾಗರಹಾವು, ಕೊಳಕುಮಂಡಲದ ಎದುರು ಬೆಕ್ಕನ್ನು ಬಿಟ್ಟು ತಮಾಷೆ ನೋಡಬಾರದು. ಆ ಲೆಕ್ಕ ಬೇರೆ ಹಾವಿನದು. ಬೆಕ್ಕಿನ ಹಿಂದೆ ಸದ್ದಿಲ್ಲದೆ ಸೌತೆಕಾಯಿ ಇಟ್ಟು ಅದು ಹಾರುವುದನ್ನು ವಿಡಿಯೋ ಮಾಡುತ್ತಾರಲ್ಲ, ಅದನ್ನೂ ದಯವಿಟ್ಟು ಮಾಡಬೇಡಿ. ಉಣ್ಣುವ ಜಾಗದಲ್ಲಿ ಹೆದರಿದ ಬೆಕ್ಕು ಆ ಜಾಗಕ್ಕೆ ಬರುವುದನ್ನೇ ಬಿಡಬಹುದು.

ಬೆಕ್ಕು ಅಪಾಯದ ಸುದ್ದಿಯನ್ನು ನಮ್ಮ ಮುಖದಲ್ಲೂ ಓದುತ್ತದೆ. ಕಾರವಾರದ ಕೋಡಿಬಾಗದಲ್ಲಿ ನನ್ನ ಗೆಳತಿ ಇದ್ದಾಳೆ. ಅವಳ ಮನೆಗೆ ಹೊಸ ವಾಷಿಂಗ್ ಮೆಷಿನ್ ಬಂದ ದಿನ ನಾನೂ ಅಲ್ಲಿದ್ದೆ. ಅವಳು ಬಂಗಡೆ ಹಸನು ಮಾಡುತ್ತಿದ್ದಳು, ಬೆಕ್ಕು ಪಕ್ಕದಲ್ಲೇ ಕಾಯುತ್ತಿತ್ತು. ಮೆಷಿನ್ ಗಡಗಡ ಅಂದಿದ್ದೇ ತಡ, ಬೆಕ್ಕು ನೆಲಕ್ಕೆ ಅಂಟಿಕೊಂಡಿತು. ಮೆಷಿನ್ ನೋಡಿತು. ಅವಳ ಮುಖ ನೋಡಿತು. ಮತ್ತೆ ಮೆಷಿನ್ ನೋಡಿತು. ಅವಳು ಕೈಕೆಲಸ ನಿಲ್ಲಿಸದೆ "ಏನಿಲ್ವೋ, ಏನಿಲ್ಲ" ಅಂದಳು. ಸ್ವಲ್ಪ ಹೊತ್ತಿಗೆ ಬೆಕ್ಕು ಮೀನಿನ ಕಡೆ ತಿರುಗಿತು. ಇಟಲಿಯ ಮಿಲಾನ್‌ನ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ 2015ರಲ್ಲಿ ಬರೆದಿದ್ದಾರೆ. ಫ್ಯಾನ್‌ಗೆ ರಿಬ್ಬನ್ ಕಟ್ಟಿ ತಿರುಗಿಸಿದರು. 24 ಬೆಕ್ಕುಗಳಲ್ಲಿ 79% ಫ್ಯಾನನ್ನೂ ಯಜಮಾನರನ್ನೂ ಒಂದಾದ ಮೇಲೊಂದು ನೋಡಿದವು. ಯಜಮಾನರು ಹೆದರಿದಂತೆ ಮಾಡಿದರೆ ಒಂದು ಥರ, ಖುಷಿಯಾಗಿ ಮಾತಾಡಿದರೆ ಇನ್ನೊಂದು ಥರ ನಡೆದುಕೊಂಡವು. ಗುಡುಗು ಬಂದಾಗ ನಾವು ಕಿರುಚಿದರೆ ಬೆಕ್ಕು ಏನು ತಿಳಿಯುತ್ತದೆ, ಯೋಚಿಸಿ.

ಗುಡುಗಿಗೆ ಚಿನ್ನಿ ಅಟ್ಟ ಹತ್ತಿ ಹಳೇ ಪೆಟ್ಟಿಗೆಗಳ ಹಿಂದೆ ಕೂರುತ್ತದೆ. ಮೊದಲೆಲ್ಲ ಎಳೆದು ತಂದು ಮಡಿಲಲ್ಲಿ ಕೂರಿಸಿಕೊಳ್ಳುತ್ತಿದ್ದೆ. ಅದು ತಪ್ಪು ಅಂತ ಈಗ ಗೊತ್ತಾಗಿದೆ. ಅಡಗುವುದೇ ಅದರ ಸಮಾಧಾನ. 2014ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಆಶ್ರಯಕೇಂದ್ರದಲ್ಲಿ, ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಮಾತ್ರ ಅಡಗಲು ಡಬ್ಬ ಕೊಟ್ಟು ನೋಡಿದರು. ಡಬ್ಬ ಸಿಕ್ಕಿದವು ಬೇಗ ಹೊಂದಿಕೊಂಡವು. ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆ ಸಾಕು, ಖರ್ಚೇ ಇಲ್ಲ.

ಇಷ್ಟೆಲ್ಲ ತಿಳಿಯುವ ಬೆಕ್ಕಿಗೆ ನಾವು ಬಾಟಲಿಯಲ್ಲಿ ತುಂಬಿಟ್ಟ ಅಪಾಯ ತಿಳಿಯುವುದಿಲ್ಲ. ಇದನ್ನು ನಾನು ನೋವಿನಿಂದಲೇ ಕಲಿತೆ. ಒಮ್ಮೆ ಬಚ್ಚಲಿಗೆ ಕಪ್ಪು ಫಿನಾಯಿಲ್ ಸುರಿದು ತಿಕ್ಕಿ, ಸರಿಯಾಗಿ ನೀರು ಹಾಕದೆ ಬಂದೆ. ಚಿನ್ನಿ ಅದರ ಮೇಲೆ ನಡೆದು ಬಂದು ಜಗಲಿಯಲ್ಲಿ ಕೂತು ಪಾದ ನೆಕ್ಕಿಕೊಂಡಿತು. ರಾತ್ರಿ ಹೊತ್ತಿಗೆ ಒಂದೇ ಸಮನೆ ಜೊಲ್ಲು, ನಡೆದರೆ ತೂರಾಟ. ಪಶುವೈದ್ಯರ ಹತ್ತಿರ ಹೊತ್ತುಕೊಂಡು ಓಡಿದೆ. ಎರಡು ದಿನ ಅದು ಏನೂ ತಿನ್ನಲಿಲ್ಲ, ನನಗೂ ಊಟ ಸೇರಲಿಲ್ಲ. ಮೂರನೇ ದಿನ ಹಾಲು ಮುಟ್ಟಿತು.

ಕಾರಣ ಬೆಕ್ಕಿನ ಲಿವರ್‌ನಲ್ಲಿದೆ. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಥರದ ವಸ್ತುಗಳನ್ನು ಕರಗಿಸಿ ಹೊರಹಾಕಲು ಬೇಕಾದ ಒಂದು ಜೀನ್ ಬೆಕ್ಕುಗಳ ವಂಶದಲ್ಲಿ ಬಹಳ ಹಿಂದೆಯೇ ಕೆಟ್ಟುಹೋಗಿದೆ. ಬರೀ ಮಾಂಸ ತಿನ್ನುವ ಪ್ರಾಣಿಗೆ ಅದರ ಅಗತ್ಯ ಬಿದ್ದಿರಲಿಕ್ಕಿಲ್ಲ. ಫಿನಾಯಿಲ್‌ನಂತೆ ಪ್ಯಾರಸಿಟಮಾಲ್ ಕೂಡ ಬೆಕ್ಕಿಗೆ ವಿಷವಾಗುವುದು ಇದರಿಂದಲೇ. ನಾವು ಜ್ವರಕ್ಕೆ ನುಂಗುವ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ, ಉಸಿರಾಡಲು ಕಷ್ಟಪಡುತ್ತದೆ. ಪಾಪ, ಮೈ ಬಿಸಿ ಇದೆ ಅಂತ ಅರ್ಧ ಮಾತ್ರೆ ಕೂಡ ಕೊಡಬೇಡಿ. ಇಲಿಪಾಷಾಣದ ವಿಷಯವೂ ಇದೆ. ಅದನ್ನು ತಿಂದು ಮಂಕಾದ ಇಲಿ ಓಡುವುದಿಲ್ಲ, ಬೆಕ್ಕಿಗೆ ಸುಲಭದ ತುತ್ತು.

ಬೆಕ್ಕು ಏನಾದರೂ ನೆಕ್ಕಿದೆ ಅಂತ ಅನುಮಾನ ಬಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪಾದಕ್ಕೆ, ಮೈಗೆ ಅಂಟಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಟವೆಲ್ಲಿನಲ್ಲಿ ಸುತ್ತಿ ವೈದ್ಯರ ಹತ್ತಿರ ಒಯ್ಯಿರಿ. ಬಾಟಲಿ ಅಥವಾ ಮಾತ್ರೆಯ ಚೀಟಿ ಕೈಯಲ್ಲಿರಲಿ.

ನಮ್ಮಲ್ಲೀಗ ಬಚ್ಚಲಿಗೆ ಬರೀ ಬಿಸಿನೀರು, ತೆಂಗಿನ ನಾರು, ಹಳೇ ಹಿಡಿಸೂಡಿ. ತೊಳೆಯುವಷ್ಟು ಹೊತ್ತೂ ಚಿನ್ನಿ ಹೊಸ್ತಿಲ ಆಚೆ ಕೂತು ನನ್ನ ಕೈಯನ್ನೇ ನೋಡುತ್ತಿರುತ್ತದೆ. ನೆಲ ಆರಿದ ಮೇಲೆ ಒಳಗೆ ಬಂದು ಹಂಡೆ ಒಲೆ ಪಕ್ಕ ಮಲಗುತ್ತದೆ.