ಪ್ರಪೋಸಲ್ ತೆರೆಯುವ ಮೊದಲೇ ಕೈತಪ್ಪುವ ಹಣ: ಯುರೋಪಿನ ಸಂಶೋಧನಾ ಅನುದಾನದ ಪ್ರಾದೇಶಿಕ ಅಂತರ

ಯುರೋಪಿಯನ್ ಒಕ್ಕೂಟದ ಸಂಶೋಧನಾ ಅನುದಾನದಲ್ಲಿ ಯಾವ ದೇಶಕ್ಕೂ ಮೀಸಲು ಪಾಲಿಲ್ಲ. 2021ರಿಂದ 2027ರವರೆಗಿನ ಹೊರೈಜನ್ ಯುರೋಪ್ ಕಾರ್ಯಕ್ರಮದ ಗಾತ್ರ ಸುಮಾರು 9,550 ಕೋಟಿ ಯೂರೊ. ಅದರ ಹಿಂದಿನ ಹೊರೈಜನ್ 2020ರದ್ದು 8,000 ಕೋಟಿಯ ಹತ್ತಿರ. ಇದರ ಬಹುಪಾಲು ಹಣ ಸ್ಪರ್ಧೆಯಲ್ಲಿ ಗೆದ್ದವರಿಗೇ ಹೋಗುತ್ತದೆ. ಹಾಗಾಗಿ 2004ರಲ್ಲಿ ಮತ್ತು ಅನಂತರ ಒಕ್ಕೂಟ ಸೇರಿದ, ಬಹುಪಾಲು ಪೂರ್ವ ಯುರೋಪಿನ, 13 ದೇಶಗಳಿಗೆ ಹೊರೈಜನ್ 2020ರಲ್ಲಿ ದಕ್ಕಿದ್ದು ಶೇ. 5ರ ಆಸುಪಾಸು ಮಾತ್ರ. ಜನಸಂಖ್ಯೆಯಲ್ಲಿ ಈ ದೇಶಗಳ ಪಾಲು ಹೆಚ್ಚುಕಡಿಮೆ ಐದರಲ್ಲೊಂದು.

ಪೂರ್ವದವರ ವಿಜ್ಞಾನ ಅಷ್ಟಕ್ಕಷ್ಟೇ, ಅದಕ್ಕೇ ಹೀಗೆ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಲೆಕ್ಕದ ಒಳಗೆ ಇಳಿದು ನೋಡಿದವರಿಗೆ ಆ ವಿವರಣೆ ಸಾಲದು. ಈ ಅಂತರದ ದೊಡ್ಡ ಭಾಗ ಹುಟ್ಟುವುದು ಮೌಲ್ಯಮಾಪಕರು ಕಡತ ತೆರೆಯುವ ಮೊದಲೇ. ಒಂದಿಷ್ಟು ಸಂಬಳದ ಚೀಟಿಯಲ್ಲಿ ಹುಟ್ಟಿದರೆ, ಒಂದಿಷ್ಟು ಯಾರು ಯಾರನ್ನು ತಂಡಕ್ಕೆ ಕರೆಯುತ್ತಾರೆ ಎಂಬಲ್ಲಿ, ಉಳಿದದ್ದು ದೇಶದ ಸ್ವಂತ ಬಜೆಟ್ಟಿನಲ್ಲಿ.

ಮೊದಲು ಭೂಪಟವನ್ನೇ ಸ್ವಲ್ಪ ಸರಿಪಡಿಸಿಕೊಳ್ಳಬೇಕು. ಪೂರ್ವ–ಪಶ್ಚಿಮ ಎಂಬ ಗೆರೆ ತೀರಾ ದಪ್ಪ. ತಲಾವಾರು ಲೆಕ್ಕ ಹಾಕಿದರೆ ಎಸ್ಟೋನಿಯಾ, ಸ್ಲೊವೇನಿಯಾ, ಸೈಪ್ರಸ್ ಚೆನ್ನಾಗಿಯೇ ಗೆಲ್ಲುತ್ತವೆ. ಹಿಂದೆ ಬೀಳುವುದು ರೊಮೇನಿಯಾ, ಬಲ್ಗೇರಿಯಾ, ಪೋಲೆಂಡ್. ದೇಶದೊಳಗೂ ಇದೇ ಕಥೆ. ಪೋಲೆಂಡ್‌ಗೆ ಬಂದ ಇಆರ್‌ಸಿ, ಅಂದರೆ ಯುರೋಪಿಯನ್ ಸಂಶೋಧನಾ ಮಂಡಳಿಯ ಅನುದಾನಗಳಲ್ಲಿ ಗಮನಾರ್ಹ ಪಾಲು ವಾರ್ಸಾ ವಿಶ್ವವಿದ್ಯಾಲಯದ್ದು, ಅಲ್ಲಿಯೂ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ಒಂದೇ ವಿಭಾಗದ್ದು. ಸ್ಪೇನಿನಲ್ಲಿ ಕ್ಯಾಟಲೋನಿಯಾ ಪ್ರಾಂತ್ಯ ಬಾಚಿಕೊಳ್ಳುತ್ತದೆ, ಎಕ್ಸ್‌ಟ್ರೆಮದೂರಾ ಪ್ರಾಂತ್ಯಕ್ಕೆ ಚಿಲ್ಲರೆ ಉಳಿಯುತ್ತದೆ. ಇಟಲಿಯದ್ದು ಇನ್ನೊಂದು ಬಗೆ: ಇಆರ್‌ಸಿ ಗೆದ್ದವರ ಪೌರತ್ವದ ಪಟ್ಟಿಯಲ್ಲಿ ಇಟಲಿಯವರು ಮೇಲಿನ ಸಾಲಿನಲ್ಲೇ ಇರುತ್ತಾರೆ, ಆದರೆ ಅವರಲ್ಲಿ ಬಹಳ ಮಂದಿ ಆ ಹಣ ಖರ್ಚು ಮಾಡುವುದು ಬೇರೆ ದೇಶದಲ್ಲಿ. ಪ್ರತಿಭೆ ಹುಟ್ಟುವ ಜಾಗ ಮತ್ತು ಹಣ ಇಳಿಯುವ ಜಾಗ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಈಗ ಸಂಬಳದ ಚೀಟಿ. ಇದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಇಷ್ಟು ದೊಡ್ಡ ಪರಿಣಾಮದ ನಿಯಮದ ಬಗ್ಗೆ ಇಷ್ಟು ಕಡಿಮೆ ಚರ್ಚೆ ಆಗುವುದು ಬೇಸರದ ಸಂಗತಿ. ಹೊರೈಜನ್ ಪ್ರಾಜೆಕ್ಟುಗಳಲ್ಲಿ ಸಿಬ್ಬಂದಿ ವೆಚ್ಚವನ್ನು ಆಯಾ ಸಂಸ್ಥೆಯ ನಿಜವಾದ ಸಂಬಳದ ಮೇಲೆ ಕೊಡುತ್ತಾರೆ. ನೇರ ವೆಚ್ಚದ ಮೇಲೆ ಶೇ. 25ರಷ್ಟು ಓವರ್‌ಹೆಡ್, ಅಂದರೆ ಆಡಳಿತದಂಥ ಪರೋಕ್ಷ ವೆಚ್ಚದ ಹಣ, ಸೇರುತ್ತದೆ. ಒಂದೇ ಪ್ರಾಜೆಕ್ಟಿನಲ್ಲಿ ಇಬ್ಬರು ಪಾಲುದಾರರಿಗೆ ತಲಾ 24 ಮಾನವ-ತಿಂಗಳ (ಒಬ್ಬರು 24 ತಿಂಗಳು ಮಾಡುವಷ್ಟು) ಕೆಲಸ ಇದೆ ಎಂದಿಟ್ಟುಕೊಳ್ಳಿ. ಒಂದು ಕಡೆ ಸಂಶೋಧಕರೊಬ್ಬರ ಮೇಲೆ ಸಂಸ್ಥೆಗೆ ತಗಲುವ ವೆಚ್ಚ ತಿಂಗಳಿಗೆ 7,000 ಯೂರೊ, ಇನ್ನೊಂದು ಕಡೆ 2,000. ಮೊದಲ ಸಂಸ್ಥೆಗೆ 1,68,000 ಯೂರೊ ಸಂಬಳ, 42,000 ಓವರ್‌ಹೆಡ್, ಒಟ್ಟು 2,10,000. ಎರಡನೆಯದಕ್ಕೆ 48,000 ಮತ್ತು 12,000, ಒಟ್ಟು 60,000. ಕೆಲಸ ಅಷ್ಟೇ, ವರದಿ ಅಷ್ಟೇ, ಆಡಿಟ್ ಅಷ್ಟೇ. ಪ್ರಾಜೆಕ್ಟ್ ಆಫೀಸಿನ ಗುಮಾಸ್ತರು, ಲೆಕ್ಕಪತ್ರದವರು, ಇಂಗ್ಲಿಷ್ ತಿದ್ದುವವರು, ಇವರೆಲ್ಲರ ಸಂಬಳ ಹುಟ್ಟಬೇಕಾದದ್ದು ಆ ಓವರ್‌ಹೆಡ್‌ನಲ್ಲಿ. 42,000ದಲ್ಲಿ ಒಂದು ಆಫೀಸು ನಡೆಸಬಹುದು, 12,000ದಲ್ಲಿ ಆಗುವುದಿಲ್ಲ. ಆಫೀಸಿಲ್ಲದ ಸಂಸ್ಥೆಯ ಮುಂದಿನ ಪ್ರಪೋಸಲ್ ಇನ್ನಷ್ಟು ಬಡವಾಗುತ್ತದೆ.

ಗೆಲುವಿನ ದರ ಎರಡೂ ಕಡೆ ಸಮ ಇದ್ದರೂ ಹಣದ ಅಂತರ ಮಾತ್ರ ಹಾಗೇ ಉಳಿಯುವುದು ಇದರಿಂದ. ದೇಶಗಳ ಪಟ್ಟಿ ನೋಡುವಾಗ ಎಷ್ಟು ಅರ್ಜಿ ಹಾಕಿದರು, ಯಾವ ಪಾತ್ರದಲ್ಲಿ ಹಾಕಿದರು, ಗೆದ್ದ ಪ್ರತಿ ಪಾಲಿಗೆ ಎಷ್ಟು ಹಣ ಬಂತು ಎಂಬುದನ್ನು ಬಿಡಿಬಿಡಿಯಾಗಿ ಕೇಳಬೇಕು. ಬರೀ ಶೇಕಡಾವಾರು ಗೆಲುವನ್ನು ನೋಡಿ ತೀರ್ಪು ಕೊಡುವವರು ಮೂರನೆಯ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ನಿಯಮದಲ್ಲಿ ಒಂದು ಕಿಂಡಿ ಇದೆ. ಹೊರೈಜನ್ 2020ರಲ್ಲಿ ಲಾಭರಹಿತ ಸಂಸ್ಥೆಗಳು ಪೂರ್ಣಾವಧಿ ಸಂಶೋಧಕರಿಗೆ ವರ್ಷಕ್ಕೆ ಗರಿಷ್ಠ 8,000 ಯೂರೊ ಹೆಚ್ಚುವರಿ ಸಂಭಾವನೆ ತೋರಿಸಬಹುದಿತ್ತು. ಹೊರೈಜನ್ ಯುರೋಪ್‌ನಲ್ಲಿ ವಾರ್ಷಿಕ ಸಿಬ್ಬಂದಿ ವೆಚ್ಚವನ್ನು 215 ದಿನಗಳಿಂದ ಭಾಗಿಸಿ ದಿನದ ದರ ತೆಗೆಯುತ್ತಾರೆ. ಪ್ರಾಜೆಕ್ಟ್ ಕೆಲಸಕ್ಕೆ ಸಂಸ್ಥೆ ಹೆಚ್ಚು ಸಂಬಳ ಕೊಟ್ಟರೆ ಅದನ್ನೂ ಕೇಳಬಹುದು, ಆದರೆ ಅದೇ ವ್ಯಕ್ತಿಗೆ ರಾಷ್ಟ್ರೀಯ ಪ್ರಾಜೆಕ್ಟಿನಲ್ಲಿ ಸಿಗಬಹುದಾದ ದರವೇ ಮಿತಿ. ಆ ದರ ಕಾನೂನಿನಲ್ಲೋ, ಕಾರ್ಮಿಕ ಒಪ್ಪಂದದಲ್ಲೋ, ಸಂಸ್ಥೆಯ ಲಿಖಿತ ನಿಯಮದಲ್ಲೋ ಇರಬೇಕು. ಇಲ್ಲಿಯೇ ಎಷ್ಟೋ ವಿಶ್ವವಿದ್ಯಾಲಯಗಳು ಎಡವುತ್ತವೆ: ಪ್ರಾಜೆಕ್ಟ್ ಗೆದ್ದ ಮೇಲೆ ಸಂಭಾವನೆ ನಿಯಮ ಬರೆಯಲು ಕೂರುತ್ತವೆ. ಆಡಿಟರ್ ಅದನ್ನು ಒಪ್ಪುವುದಿಲ್ಲ, ಹಣ ವಾಪಸ್ ಹೋಗುತ್ತದೆ. ರಾಷ್ಟ್ರೀಯ ಪ್ರಾಜೆಕ್ಟುಗಳಿಗೂ ಯುರೋಪಿನ ಪ್ರಾಜೆಕ್ಟುಗಳಿಗೂ ಒಂದೇ ಸಮನಾಗಿ ಅನ್ವಯಿಸುವ ಸಂಭಾವನೆ ನಿಯಮವನ್ನು ಸಿಂಡಿಕೇಟಿನಂಥ ಆಡಳಿತ ಮಂಡಳಿಯಲ್ಲಿ ಮೊದಲೇ ಪಾಸು ಮಾಡಿಸಿಕೊಂಡಿರಬೇಕು. ಮೊದಲೇ ನಿಗದಿಯಾದ ಮೊತ್ತ ಕೊಡುವ ಲಂಪ್‌ಸಮ್ ಪ್ರಾಜೆಕ್ಟುಗಳಲ್ಲಿ ಈ ಕಷ್ಟ ತಪ್ಪುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯವೇ. ಅಲ್ಲೂ ಅಂದಾಜು ಪಟ್ಟಿ ಸಂಸ್ಥೆಯ ವಾಡಿಕೆಯ ವೆಚ್ಚಕ್ಕೆ ಹೊಂದಬೇಕು, ಪರಿಣತರು ಅದನ್ನು ಪರಿಶೀಲಿಸುತ್ತಾರೆ.

ಇನ್ನು ತಂಡ ಕಟ್ಟುವ ವಿಷಯ. ಸಾಮಾನ್ಯ ಕಾಲ್‌ಗಳಲ್ಲಿ, ಅಂದರೆ ಅರ್ಜಿ ಆಹ್ವಾನಗಳಲ್ಲಿ, ಒಕ್ಕೂಟದ ಅಥವಾ ಕಾರ್ಯಕ್ರಮದ ಸಹಭಾಗಿ ದೇಶಗಳ ಪೈಕಿ ಮೂರು ಬೇರೆಬೇರೆ ದೇಶಗಳ ಕನಿಷ್ಠ ಮೂರು ಸ್ವತಂತ್ರ ಸಂಸ್ಥೆಗಳು ಬೇಕು, ಅವುಗಳಲ್ಲಿ ಒಂದಾದರೂ ಒಕ್ಕೂಟದ ಸದಸ್ಯ ದೇಶದ್ದಾಗಿರಬೇಕು. ಕಾಗದದ ಮೇಲೆ ಇದು ಎಲ್ಲರಿಗೂ ತೆರೆದ ಬಾಗಿಲು. ನಡೆಯುವುದು ಬೇರೆ. ಕಾಲ್ ಪ್ರಕಟವಾಗುವ ಹೊತ್ತಿಗೆ ಗೆಲ್ಲುವ ಕನ್ಸೋರ್ಟಿಯಂನ, ಅಂದರೆ ಸಂಸ್ಥೆಗಳ ತಂಡದ, ಒಳವಲಯ ಆಗಲೇ ಕಟ್ಟಿ ಮುಗಿದಿರುತ್ತದೆ. ಹಿಂದಿನ ಪ್ರಾಜೆಕ್ಟಿನಲ್ಲಿ ಜೊತೆಗಿದ್ದವರು, ಯಾವ ಕಾಲ್‌ಗಳು ಬರಲಿವೆ ಎಂದು ಹೇಳುವ ವರ್ಕ್ ಪ್ರೋಗ್ರಾಮ್‌ನ ಕರಡನ್ನು ತಿಂಗಳುಗಟ್ಟಲೆ ಮೊದಲೇ ಓದಿದವರು, ಉದ್ದಿಮೆ ಪಾಲುದಾರಿಕೆಗಳ ಸಭೆಗಳಲ್ಲಿ ಕೂರುವವರು ಅಲ್ಲಿರುತ್ತಾರೆ. ಗಡುವಿಗೆ ಮೂರು ತಿಂಗಳಿರುವಾಗ ಇಮೇಲ್ ಕಳಿಸಿ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳುವ ವಿಶ್ವವಿದ್ಯಾಲಯಕ್ಕೆ ಸಿಗುವುದು ಪ್ರಚಾರದ ವರ್ಕ್ ಪ್ಯಾಕೇಜಿನ (ಪ್ರಾಜೆಕ್ಟಿನ ಕೆಲಸದ ಒಂದು ಭಾಗ) ಒಂದು ಮೂಲೆ, ಅಥವಾ ನಾಲ್ಕಾರು ತಿಂಗಳ ಪ್ರಯೋಗ.

ಮೌಲ್ಯಮಾಪನದ ಮೇಜಿನಲ್ಲಿ ಪಕ್ಷಪಾತವೇ ಇಲ್ಲವೆಂದಲ್ಲ. ಹೆಸರಾಂತ ಸಂಸ್ಥೆಯ ಹೆಸರು ಕಂಡಾಗ ಮನಸ್ಸು ಒಂದಿಷ್ಟು ಮೃದುವಾಗುತ್ತದೆ ಎಂಬ ಆತಂಕದಿಂದಲೇ 2023–24ರ ಕೆಲವು ಎರಡು ಹಂತದ ಕಾಲ್‌ಗಳಲ್ಲಿ ಮೊದಲ ಹಂತಕ್ಕೆ ಅರ್ಜಿದಾರರ ಗುರುತು ಮರೆಮಾಡುವ ಪ್ರಯೋಗ ಶುರುವಾಯಿತು. ಸ್ವಾಗತಾರ್ಹ. ಆದರೆ ಹೊಸಬರು ಅಂಕ ಕಳೆದುಕೊಳ್ಳುವ ಜಾಗಗಳು ಹೆಚ್ಚಾಗಿ ಬೇರೆ. ಶ್ರೇಷ್ಠತೆ, ಪರಿಣಾಮ, ಅನುಷ್ಠಾನ ಎಂಬ ಮೂರು ಮಾನದಂಡಗಳಿಗೆ ತಲಾ 5 ಅಂಕ. ಪ್ರತಿಯೊಂದರಲ್ಲೂ 3, ಒಟ್ಟು 10 ದಾಟಿದರೆ ಪ್ರಪೋಸಲ್ ಅರ್ಹ. ಅರ್ಹವಾದ ಮಾತ್ರಕ್ಕೆ ಹಣ ಬರುವುದಿಲ್ಲ. ಪೈಪೋಟಿ ಬಿಗಿಯಾದ ಕಾಲ್‌ಗಳಲ್ಲಿ ಗೆರೆ 13.5 ಅಥವಾ 14ರ ಮೇಲೆ ಬೀಳುತ್ತದೆ. ಅರ್ಧ ಅಂಕವೇ ಹಣೆಬರಹ.

ಆ ಅರ್ಧ ಅಂಕ ಬಹಳ ಸಲ ಹೋಗುವುದು ವಿಜ್ಞಾನದ ಭಾಗದಲ್ಲಿ ಅಲ್ಲ. ಪರಿಣಾಮದ ಭಾಗದಲ್ಲಿ, ಪ್ರಬಂಧ ಪ್ರಕಟಿಸುತ್ತೇವೆ, ಕಾರ್ಯಾಗಾರ ಮಾಡುತ್ತೇವೆ ಎಂದಷ್ಟೇ ಬರೆದಿರುತ್ತಾರೆ. ಫಲಿತಾಂಶವನ್ನು ಯಾರು, ಯಾವಾಗ, ಎಷ್ಟು ಪ್ರಮಾಣದಲ್ಲಿ ಬಳಸುತ್ತಾರೆ, ಅಡ್ಡ ಬರುವುದೇನು ಎಂಬುದು ಇರುವುದಿಲ್ಲ. ಅನುಷ್ಠಾನದ ಭಾಗದಲ್ಲಿ ಅಪಾಯಗಳ ಕೋಷ್ಟಕ ಯಾವ ಪ್ರಾಜೆಕ್ಟಿಗೂ ಹೊಂದುವಷ್ಟು ಸಪ್ಪೆಯಾಗಿರುತ್ತದೆ: ಸಿಬ್ಬಂದಿ ಬಿಟ್ಟುಹೋಗಬಹುದು, ಕೆಲಸ ತಡವಾಗಬಹುದು. ಮಾನವ-ತಿಂಗಳ ಕೋಷ್ಟಕಕ್ಕೂ ವರ್ಕ್ ಪ್ಯಾಕೇಜಿನ ವಿವರಣೆಗೂ ತಾಳೆಯಾಗುವುದಿಲ್ಲ. ಪರಿಣತರ ಕಣ್ಣು ಮೊದಲು ಬೀಳುವುದು ಇಲ್ಲಿಗೇ. ಇನ್ನೊಂದು ಎಚ್ಚರಿಕೆ: 2022ರ ಕಾಲ್‌ಗಳಿಂದ ಸರ್ಕಾರಿ ಸಂಸ್ಥೆ, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಲಿಂಗ ಸಮಾನತೆ ಯೋಜನೆ ಕಡ್ಡಾಯ. ಅದು ವೆಬ್‌ಸೈಟಿನಲ್ಲಿ ಪ್ರಕಟವಾಗಿರಬೇಕು, ಮುಖ್ಯಸ್ಥರ ಸಹಿ ಇರಬೇಕು. ಇದಿಲ್ಲದೆ ಒಪ್ಪಂದಕ್ಕೆ ಸಹಿ ಬೀಳುವುದಿಲ್ಲ.

ಭೌಗೋಳಿಕ ವೈವಿಧ್ಯ ನೋಡುತ್ತಾರಲ್ಲವೇ ಎಂದು ಕೆಲವರು ಕೇಳುವುದುಂಟು. ನೋಡುತ್ತಾರೆ, ಎರಡು ಪ್ರಪೋಸಲ್‌ಗಳ ಅಂಕ ಸಮನಾದಾಗ. ಅದೂ ವಿಷಯ ವ್ಯಾಪ್ತಿ, ಬಿಡಿ ಮಾನದಂಡಗಳ ಅಂಕ, ಲಿಂಗ ಸಮತೋಲನ ಎಲ್ಲ ನೋಡಿ ಮುಗಿದ ಮೇಲೆ.

2007ರಲ್ಲಿ ಶುರುವಾದ ಇಆರ್‌ಸಿಯ ಬಗೆ ಬೇರೆ. ಅಲ್ಲಿ ಕನ್ಸೋರ್ಟಿಯಂ ಬೇಕಿಲ್ಲ, ಒಬ್ಬ ಸಂಶೋಧಕ ಮತ್ತು ಒಂದು ಸಂಸ್ಥೆ ಸಾಕು. ಸ್ಟಾರ್ಟಿಂಗ್ ಗ್ರ್ಯಾಂಟ್‌ಗೆ ಐದು ವರ್ಷಕ್ಕೆ 15 ಲಕ್ಷ, ಕನ್ಸಾಲಿಡೇಟರ್‌ಗೆ 20 ಲಕ್ಷ, ಅಡ್ವಾನ್ಸ್ಡ್‌ಗೆ 25 ಲಕ್ಷ ಯೂರೊವರೆಗೆ. ಶ್ರೇಷ್ಠತೆಯೊಂದೇ ಮಾನದಂಡ. ಮೊದಲ ಹಂತದಲ್ಲಿ ತೀರ್ಪು ನಿಲ್ಲುವುದು ಐದು ಪುಟಗಳ ಸಾರಾಂಶ ಮತ್ತು ಸಂಶೋಧಕರ ಸಾಧನೆಯ ಮೇಲೆ. ಅದನ್ನು ದಾಟಿದವರಿಗೆ ಸಂದರ್ಶನ. ಮೊದಲ ಹಂತದಲ್ಲಿ ಅತಿ ಕೆಳಗಿನ ಸಿ ಶ್ರೇಣಿ ಬಂದರೆ ಕೆಲವು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ಅವಸರದಲ್ಲಿ ಹತ್ತು ಜನರಿಂದ ಅರ್ಜಿ ಹಾಕಿಸುವ ವಿಶ್ವವಿದ್ಯಾಲಯಕ್ಕೆ ಈ ನಿಯಮ ದುಬಾರಿ. ಇಬ್ಬರನ್ನು ಆರಿಸಿ, ಆ ಐದು ಪುಟಗಳನ್ನು ಆರು ತಿಂಗಳು ತಿದ್ದಿ, ಹೊರಗಿನ ವಿಜೇತರ ಮುಂದೆ ಅಣಕು ಸಂದರ್ಶನ ಮಾಡಿಸುವುದು ಫಲ ಕೊಡುವ ದಾರಿ. ಗೆದ್ದವರ ಪ್ರಯೋಗಾಲಯಗಳಿಗೆ ದುರ್ಬಲ ದೇಶಗಳ ಸಂಶೋಧಕರನ್ನು ಕೆಲಕಾಲ ಕಳಿಸುವ ರಾಷ್ಟ್ರೀಯ ಯೋಜನೆಗಳಿಗೆ ಇಆರ್‌ಸಿಯ ಬೆಂಬಲವೂ ಇದೆ. ಗೆದ್ದವರನ್ನು ಉಳಿಸಿಕೊಳ್ಳುವುದು ಇನ್ನೊಂದು ಕಷ್ಟ. ಇಆರ್‌ಸಿ ಅನುದಾನವನ್ನು ಸಂಶೋಧಕರು ಬೇರೆ ಸಂಸ್ಥೆಗೆ ಒಯ್ಯಬಹುದು. ಸರಿಯಾದ ಹುದ್ದೆ, ಪ್ರಯೋಗಾಲಯ ಕೊಡದ ಊರಿನಿಂದ ಹಣವೂ ಅವರ ಜೊತೆಗೇ ಹೊರಡುತ್ತದೆ. ಕ್ಯಾಟಲೋನಿಯಾ ಗೆದ್ದದ್ದು ಇದನ್ನು ಬೇಗ ಅರಿತು. 2000ದ ದಶಕದ ಆರಂಭದಿಂದ ಇಕ್ರೆಯಾ ಎಂಬ ಸಂಸ್ಥೆಯ ಮೂಲಕ ಹಿರಿಯ ಸಂಶೋಧಕರಿಗೆ ಕಾಯಂ ಹುದ್ದೆ, ಸ್ಪರ್ಧಾತ್ಮಕ ಸಂಬಳ ಕೊಟ್ಟು ಕರೆತಂದಿತು. ಇಆರ್‌ಸಿ ಬಂದಾಗ ಅರ್ಜಿ ಹಾಕುವವರು ಅಲ್ಲಿ ಸಿದ್ಧರಿದ್ದರು.

ಅಂತರ ತಗ್ಗಿಸಲು ಬ್ರಸೆಲ್ಸ್‌ನ ಯುರೋಪಿಯನ್ ಆಯೋಗ ಇಟ್ಟಿರುವ ಬಾಬ್ತಿಗೆ ವೈಡನಿಂಗ್ ಎಂದು ಹೆಸರು. ಹೊರೈಜನ್ 2020ರಲ್ಲಿ ಅದು ಒಟ್ಟು ಬಜೆಟ್ಟಿನ ಶೇ. 1ರಷ್ಟಿತ್ತು, ಈಗ ಶೇ. 3ರ ಆಸುಪಾಸು. 15 ಸದಸ್ಯ ದೇಶಗಳು ಇದರ ವ್ಯಾಪ್ತಿಯಲ್ಲಿವೆ. ಗ್ರೀಸ್, ಪೋರ್ಚುಗಲ್ ಕೂಡ. ಟ್ವಿನಿಂಗ್ ಎಂಬ ಯೋಜನೆಯಲ್ಲಿ ಈ ದೇಶಗಳ ಒಂದು ಸಂಸ್ಥೆ ಮುಂದಾಳಾಗಿ ಮುಂದುವರಿದ ಕನಿಷ್ಠ ಎರಡು ಸಂಸ್ಥೆಗಳ ಜೊತೆ ಸೇರುತ್ತದೆ. ಇಆರ್‌ಎ (ಯುರೋಪಿಯನ್ ಸಂಶೋಧನಾ ವಲಯ) ಚೇರ್ ಒಬ್ಬ ಹಿರಿಯ ವಿಜ್ಞಾನಿಯನ್ನು ತಂಡಸಮೇತ ಕರೆತರಲು. ಟೀಮಿಂಗ್ ದೊಡ್ಡದು, ಒಂದು ಉತ್ಕೃಷ್ಟತಾ ಕೇಂದ್ರಕ್ಕೆ 1.5 ಕೋಟಿ ಯೂರೊವರೆಗೆ. ಆದರೆ ಅಷ್ಟೇ ಮೊತ್ತವನ್ನು ದೇಶದ ಖಜಾನೆಯೋ ಒಕ್ಕೂಟದ ಪ್ರಾದೇಶಿಕ ನಿಧಿಯೋ ಸೇರಿಸಬೇಕು. ಯುರೋಪಿಯನ್ ಲೆಕ್ಕಪರಿಶೋಧನಾ ನ್ಯಾಯಾಲಯ 2022ರ ವರದಿಯಲ್ಲಿ ಬೊಟ್ಟು ಮಾಡಿದ್ದು ಇಲ್ಲಿಗೇ: ಯೋಜನೆಗಳ ವಿನ್ಯಾಸ ಚೆನ್ನಾಗಿದೆ, ಶಾಶ್ವತ ಬದಲಾವಣೆ ಬರುವುದು ಬಿಡುವುದು ಬಹುಪಾಲು ದೇಶಗಳ ಸ್ವಂತ ಪ್ರಯತ್ನದ ಮೇಲೆ ನಿಂತಿದೆ. ಆ ಮಾತಿನಲ್ಲಿ ಹುರುಳಿದೆ. ರೊಮೇನಿಯಾ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ. 0.5ರ ಸುತ್ತಮುತ್ತ, ಒಕ್ಕೂಟದ ಸರಾಸರಿ ಶೇ. 2ಕ್ಕಿಂತ ಮೇಲೆ.

ಪ್ರಾದೇಶಿಕ ನಿಧಿಯ ಹಣ ಕಟ್ಟಡ ಮತ್ತು ಯಂತ್ರಗಳಿಗೆ ಧಾರಾಳವಾಗಿ ಸಿಗುತ್ತದೆ. ಜೆಕ್ ಗಣರಾಜ್ಯದ ಡೊಲ್ನಿ ಬ್ರೆಝನಿ, ಹಂಗೆರಿಯ ಸೆಗೆಡ್, ರೊಮೇನಿಯಾದ ಮಗುರೇಲೆಯಲ್ಲಿ ಎದ್ದಿರುವ ಇಎಲ್‌ಐ ಲೇಸರ್ ಕೇಂದ್ರಗಳು ಅದರಿಂದಲೇ ಬಂದವು. ಜಗತ್ತಿನ ಅತಿ ಪ್ರಬಲ ಲೇಸರ್‌ಗಳು ಅಲ್ಲಿವೆ. ಪೂರ್ವದಲ್ಲಿ ಹೊರಗಿನವರು ಸಾಲುಗಟ್ಟಿ ಬರುವಂಥ ಉಪಕರಣ ಕಟ್ಟಬಹುದೆಂದು ಅವು ತೋರಿಸಿವೆ. ವರ್ಷವರ್ಷದ ವಿದ್ಯುತ್ ಬಿಲ್, ತಂತ್ರಜ್ಞರ ಸಂಬಳವನ್ನು ಮಾತ್ರ ಆ ನಿಧಿ ಹೊರುವುದಿಲ್ಲ. ಕಟ್ಟುವ ಮೊದಲೇ ಹತ್ತು ವರ್ಷದ ನಿರ್ವಹಣಾ ವೆಚ್ಚ ಯಾರದ್ದೆಂದು ಬರೆದಿಡದ ಕೇಂದ್ರ ಉಪಕರಣದ ಗೋದಾಮಾಗುತ್ತದೆ.

ಸಣ್ಣ ವಿಶ್ವವಿದ್ಯಾಲಯವೊಂದು ಶುರು ಮಾಡಬೇಕಾದದ್ದು ಎಲ್ಲಿಂದ? ಒಕ್ಕೂಟದ ಹಣ ಪಡೆದ ಪ್ರಾಜೆಕ್ಟುಗಳ ವಿವರವಿರುವ ಕಾರ್ಡಿಸ್ ದತ್ತಾಂಶದಿಂದ. ತಮ್ಮ ವಿಷಯದಲ್ಲಿ ಹಿಂದೆ ಗೆದ್ದ ಪ್ರಾಜೆಕ್ಟುಗಳನ್ನು ಇಳಿಸಿಕೊಂಡು, ಮತ್ತೆ ಮತ್ತೆ ಬರುವ ಹತ್ತು ಕೋಆರ್ಡಿನೇಟರ್‌ಗಳನ್ನು, ಅಂದರೆ ಪ್ರಾಜೆಕ್ಟಿನ ಮುಂದಾಳುಗಳನ್ನು, ಗುರುತಿಸಬೇಕು. ಅವರಿರುವ, ಕಾಸ್ಟ್ ಎಂಬ ಯುರೋಪಿನ ವ್ಯವಸ್ಥೆಯ ಸಂಶೋಧಕರ ಜಾಲಕ್ಕೆ ಸೇರಬೇಕು. 1971ರಿಂದ ಇರುವ ಈ ವ್ಯವಸ್ಥೆ ಸಂಶೋಧನೆಗೆ ಹಣ ಕೊಡುವುದಿಲ್ಲ, ಸಭೆ ಮತ್ತು ಅಲ್ಪಾವಧಿ ಭೇಟಿಗಳಿಗೆ ಕೊಡುತ್ತದೆ. ಪರಿಚಯ ಬೆಳೆಯಲು ಅಷ್ಟು ಸಾಕು. ಕನಿಷ್ಠ ನಾಲ್ಕೈದು ಅಧ್ಯಾಪಕರು ಪರಿಣತ ಮೌಲ್ಯಮಾಪಕರಾಗಿ ಆಯೋಗದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಒಂದು ಸಲ ಮೌಲ್ಯಮಾಪಕರು ಸೇರಿ ಅಂಕ ಒಪ್ಪಿಕೊಳ್ಳುವ ಒಮ್ಮತದ ಸಭೆಯಲ್ಲಿ ಕೂತವರಿಗೆ ಅರ್ಧ ಅಂಕ ಎಲ್ಲಿ ಹೋಗುತ್ತದೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಮೊದಲ ಪ್ರಾಜೆಕ್ಟಿನಲ್ಲಿ ಕೋಆರ್ಡಿನೇಟರ್ ಆಗುವ ಹಟ ಬೇಡ, ಒಂದು ವರ್ಕ್ ಪ್ಯಾಕೇಜಿನ ನೇತೃತ್ವ ಕೇಳಿ. ಈಗಾಗಲೇ ನಡೆಯುತ್ತಿರುವ, ವೈಡನಿಂಗ್ ದೇಶದ ಪಾಲುದಾರರಿಲ್ಲದ ಪ್ರಾಜೆಕ್ಟುಗಳಿಗೆ ನಡುವೆ ಹತ್ತಿಕೊಳ್ಳಲು ಹಾಪ್-ಆನ್ ಎಂಬ ಅವಕಾಶವೂ ಇದೆ. ಕೋಆರ್ಡಿನೇಟರ್ ಒಪ್ಪಬೇಕು, ಹೊಸ ಕೆಲಸ ನಿಜಕ್ಕೂ ಪ್ರಾಜೆಕ್ಟಿಗೆ ಬೇಕಾಗಿರಬೇಕು. ಹೆಸರಿಗೆ ಸೇರಿಸಿದ್ದು ತಕ್ಷಣ ಗೊತ್ತಾಗುತ್ತದೆ.

ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಪಿಎಚ್‌ಡಿ ಮುಗಿಸಿ ಯುರೋಪಿನ ಕಡೆ ನೋಡುತ್ತಿರುವವರಿಗೂ ಈ ವ್ಯವಸ್ಥೆಯಲ್ಲಿ ಒಂದು ಉಪಯೋಗವಿದೆ. ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಗಡುವಿಗೆ ಮುಂಚಿನ 36 ತಿಂಗಳಲ್ಲಿ ಆತಿಥೇಯ ಸಂಸ್ಥೆಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಿದ್ದಿರಬಾರದು. 2025ರಲ್ಲಿ ಬಂದ ಅರ್ಜಿಗಳು 17,000 ಮೀರಿದವು. ಆತಿಥೇಯ ಸಂಸ್ಥೆ ವೈಡನಿಂಗ್ ದೇಶದಲ್ಲಿದ್ದರೆ, ಮೊದಲ ಸುತ್ತಿನಲ್ಲಿ ಹಣ ಸಿಗದ ಅರ್ಜಿಯನ್ನು ಅದೇ ಅಂಕದ ಮೇಲೆ ಇಆರ್‌ಎ ಫೆಲೋಶಿಪ್‌ಗೂ ಪರಿಗಣಿಸಬಹುದು, ಶೇ. 70ರ ಮಿತಿ ದಾಟಿರಬೇಕು. ಒಂದೇ ಅರ್ಜಿಗೆ ಎರಡು ಅವಕಾಶ. ಟಾರ್ಟು, ಲ್ಯುಬ್ಲಿಯಾನಾ, ಬರ್ನೊದಂಥ ಊರುಗಳಲ್ಲಿ ಗಟ್ಟಿ ಪ್ರಯೋಗಾಲಯಗಳಿವೆ. ಜೀವನ ಭತ್ಯೆಗೆ ದೇಶವಾರು ಗುಣಾಂಕ ಇರುವುದರಿಂದ ಕೈಗೆ ಬರುವ ಹಣ ಡೆನ್ಮಾರ್ಕಿಗಿಂತ ಕಡಿಮೆ, ಬಾಡಿಗೆಯೂ ಕಡಿಮೆ. ಅರ್ಜಿ ನಮೂನೆಯಲ್ಲಿ ಇಆರ್‌ಎ ಫೆಲೋಶಿಪ್‌ನ ಆಯ್ಕೆ ಹೇಗಿದೆಯೆಂದು ಸಲ್ಲಿಸುವ ಮೊದಲು ನೋಡಿಕೊಳ್ಳಿ, ಮತ್ತು ಮೇಲ್ವಿಚಾರಕರಾಗುವವರನ್ನು ಕಾಲ್ ತೆರೆಯುವ ಮೊದಲೇ ಸಂಪರ್ಕಿಸಿ.