‘ಓ ಮೈ ಗಾಶ್’ ಎನ್ನುವುದು ಬೈಗುಳವೇ?

ಪ್ರಶ್ನೆ: ಶಾಲೆಗೆ ಹೋಗುವ ನನ್ನ ಮಗಳು ಮಾತುಮಾತಿಗೆ ‘ಓ ಮೈ ಗಾಶ್’, ‘ವಾಟ್ ದ ಹೆಕ್’, ‘ಡಾರ್ನ್’ ಎನ್ನುತ್ತಾಳೆ. ಇವು ಬೈಗುಳಗಳೇ? ಅವಳನ್ನು ತಡೆಯಬೇಕೇ?

ಉತ್ತರ: ಇವು ಬೈಗುಳಗಳಲ್ಲ, ಬೈಗುಳವನ್ನು ಆಡದಿರಲೆಂದೇ ಹುಟ್ಟಿಕೊಂಡ ಪದಗಳು. ‘ಗಾಶ್’ ಎಂಬುದರ ಹಿಂದೆ ‘ಗಾಡ್’ ಇದೆ, ‘ಹೆಕ್’ ಹಿಂದೆ ‘ಹೆಲ್’, ‘ಡಾರ್ನ್’ ಹಿಂದೆ ‘ಡ್ಯಾಮ್’. ಮೂಲ ಪದದ ಮೊದಲ ಧ್ವನಿ ಹಾಗೆಯೇ ಉಳಿದು, ಆಡಬಾರದ ಮಾತು ಪೂರ್ತಿಯಾಗುವ ಮೊದಲೇ ನಾಲಿಗೆ ಬೇರೆ ಕಡೆಗೆ ಹೊರಳುತ್ತದೆ. ಅವುಗಳಿಗೆ ಸ್ವಂತ ಅರ್ಥವೆಂಬುದು ಇಲ್ಲವೆಂದೇ ಹೇಳಬೇಕು.

ಆದರೆ ದೇವರ ಹೆಸರು ಬೈಗುಳವಾಗುವುದು ಹೇಗೆ ಎಂಬ ಸಂದೇಹ ಕನ್ನಡಿಗರಿಗೆ ಬರುವುದು ಸಹಜ. ನಾವು ಎಡವಿದಾಗ ‘ಶಿವಶಿವಾ’ ಎನ್ನುತ್ತೇವೆ, ಕೆಟ್ಟ ಸುದ್ದಿ ಕೇಳಿದಾಗ ‘ರಾಮ ರಾಮಾ’ ಎನ್ನುತ್ತೇವೆ. ಮಗನನ್ನು ಕರೆಯಲೆಂದು ‘ನಾರಾಯಣಾ’ ಎಂದ ಅಜಾಮಿಳನಿಗೂ ಸದ್ಗತಿ ದೊರೆಯಿತೆಂಬ ಕಥೆಯನ್ನು ಕೇಳಿ ಬೆಳೆದಿದ್ದೇವೆ. ಕ್ರೈಸ್ತ ಧರ್ಮದಲ್ಲಿ ಹಾಗಿಲ್ಲ. ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬುದು ಹತ್ತು ಆಜ್ಞೆಗಳಲ್ಲಿ ಒಂದು. ಇಂಗ್ಲಿಷಿನ ‘ಸ್ವೇರ್’ ಎಂಬ ಒಂದೇ ಕ್ರಿಯಾಪದಕ್ಕೆ ಆಣೆಯಿಡು ಎಂಬ ಅರ್ಥವೂ ಬೈ ಎಂಬ ಅರ್ಥವೂ ಇರುವುದನ್ನು ಗಮನಿಸಿದರೆ ಈ ನಂಟು ಸ್ಪಷ್ಟವಾಗುತ್ತದೆ: ಅಲ್ಲಿ ದೊಡ್ಡ ಬೈಗುಳವೆಂದರೆ ಸಲ್ಲದ ಕಡೆ ದೇವರ ಮೇಲೆ ಇಟ್ಟ ಆಣೆಯೇ ಆಗಿತ್ತು. ಆದ್ದರಿಂದಲೇ ದೇವರ ಗಾಯಗಳ ಮೇಲಾಣೆ ಎಂಬರ್ಥದ ‘ಗಾಡ್ಸ್ ವೂಂಡ್ಸ್’ ಸವೆದು ‘ಝೌಂಡ್ಸ್’ ಆಯಿತು. ದೇವರು ನನ್ನನ್ನು ಕುರುಡಾಗಿಸಲಿ ಎಂಬರ್ಥದ ‘ಗಾಡ್ ಬ್ಲೈಂಡ್ ಮಿ’ ಎಂಬುದು ‘ಬ್ಲೈಮಿ’ ಆಯಿತು.

ಧರ್ಮದ ಭಯಕ್ಕೆ ಕಾನೂನಿನ ಭಯವೂ ಸೇರಿಕೊಂಡಿತು. 1606ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ನಾಟಕದಲ್ಲಿ ದೇವರ ಅಥವಾ ಯೇಸುಕ್ರಿಸ್ತನ ಹೆಸರನ್ನು ಅಗೌರವದಿಂದ ಆಡಿದರೆ ಪ್ರತಿ ಸಲಕ್ಕೂ 10 ಪೌಂಡು ದಂಡವೆಂದು ವಿಧಿಸಿತು. ಆ ದಂಡದಲ್ಲಿ ಅರ್ಧ ರಾಜನಿಗೆ, ಇನ್ನರ್ಧ ದಾವೆ ಹೂಡಿದವನಿಗೆ ಸಲ್ಲುತ್ತಿತ್ತು. ನಾಟಕ ಮಂಡಳಿಗಳು ಎಷ್ಟು ಎಚ್ಚರದಿಂದಿರಬೇಕಾಗಿತ್ತೆಂಬುದನ್ನು ಇದರಿಂದಲೇ ಊಹಿಸಬಹುದು. ಷೇಕ್ಸ್‌ಪಿಯರನ ‘ಒಥೆಲೊ’ ನಾಟಕದ 1622ರ ಮುದ್ರಣದಲ್ಲಿ ಇಯಾಗೊ ಆರಂಭದಲ್ಲಿಯೇ ದೇವರ ರಕ್ತದ ಮೇಲಾಣೆ ಎಂಬರ್ಥದ ‘ಸ್‌ಬ್ಲಡ್’ ಎನ್ನುತ್ತಾನೆ. ಮರುವರ್ಷ ಬಂದ ಅವನ ನಾಟಕಗಳ ಸಂಪುಟದಲ್ಲಿ ಅದೇ ಮಾತು ಇದೆ, ಆಣೆ ಮಾತ್ರ ಇಲ್ಲ.

ಮುಂದಿನ ಶತಮಾನಗಳಲ್ಲಿ ದೇವರ ಹೆಸರಿಗಿಂತ ಹೆಚ್ಚಾಗಿ ದೇಹಕ್ಕೆ ಸಂಬಂಧಿಸಿದ ಪದಗಳೇ ನಾಚಿಕೆ ಹುಟ್ಟಿಸತೊಡಗಿದವು. ‘ಶೂಟ್’, ‘ಶುಗರ್’, ‘ಫ್ರೀಕಿಂಗ್’ ಎಂಬ ಮರೆಮಾತುಗಳು ಈ ಬಗೆಯವು. ಮರೆಮಾತು ಎಲ್ಲಿಂದ ಬೇಕಾದರೂ ಹುಟ್ಟಬಹುದೆಂಬುದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆಯೊಂದಿದೆ. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ಪ್ರದರ್ಶನಗೊಂಡಾಗ ನಾಯಕಿ ‘ನಾಟ್ ಬ್ಲಡಿ ಲೈಕ್ಲಿ’ ಎಂದದ್ದು ಕೋಲಾಹಲವನ್ನೇ ಎಬ್ಬಿಸಿತು; ಆಮೇಲೆ ಜನರು ‘ಬ್ಲಡಿ’ ಎನ್ನುವ ಕಡೆ ನಾಟಕದ ಹೆಸರನ್ನೇ ಇಟ್ಟು ‘ನಾಟ್ ಪಿಗ್ಮೇಲಿಯನ್ ಲೈಕ್ಲಿ’ ಎನ್ನತೊಡಗಿದರು.

ನಮ್ಮಲ್ಲಿಯೂ ಆಡಬಾರದ ಮಾತನ್ನು ತಪ್ಪಿಸುವ ಪದ್ಧತಿಯುಂಟು. ದೀಪ ಆರಿಸು ಎನ್ನದೆ ‘ದೀಪ ಶಾಂತ ಮಾಡು’ ಎನ್ನುತ್ತೇವೆ. ಆದರೆ ಇಲ್ಲಿ ಅಶುಭದ ಜಾಗದಲ್ಲಿ ಶುಭವಾದ ಅರ್ಥವೊಂದು ಬಂದು ಕೂರುತ್ತದೆ. ಇಂಗ್ಲಿಷಿನ ಈ ಪದಗಳಲ್ಲಿ ಮೂಲದ ಸದ್ದು ಅರೆಬರೆ ಕೇಳಿಸುತ್ತಲೇ ಇರುತ್ತದೆ. ಹಾಗೆ ಎಷ್ಟು ಕೇಳಿಸುತ್ತದೆ ಎಂಬುದರ ಮೇಲೆಯೇ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ನಿಂತಿದೆ.

‘ಗಾಶ್’, ‘ಹೆಕ್’, ‘ಡಾರ್ನ್’ ಪದಗಳಿಗೆ ಇಂದು ಇಂಗ್ಲಿಷ್ ಮಾತನಾಡುವವರಲ್ಲಿ ಹೆಚ್ಚಿನವರು ಆಕ್ಷೇಪಿಸುವುದಿಲ್ಲ, ಆದ್ದರಿಂದ ಅವುಗಳಿಗಾಗಿ ಮಗಳನ್ನು ಗದರಿಸುವ ಅಗತ್ಯ ನನಗೆ ಕಾಣುವುದಿಲ್ಲ. ‘ಜೀಝ್’ ಮಾತ್ರ ಯೇಸುವಿನ ಹೆಸರಿನ ತುಂಡಾಗಿರುವುದರಿಂದ, ಶ್ರದ್ಧಾವಂತ ಕ್ರೈಸ್ತ ಗೆಳತಿಯರ ಎದುರು ಅದನ್ನು ಬಿಡುವುದು ಸೌಜನ್ಯ. ‘ಫ್ರೀಕಿಂಗ್’ ಎಂಬುದು ತನ್ನ ಮೂಲಕ್ಕೆ ತೀರ ಹತ್ತಿರದಲ್ಲಿದ್ದು, ಕೇಳಿದವರಿಗೆ ಮೂಲ ಪದವೇ ತಟ್ಟನೆ ಹೊಳೆಯುತ್ತದೆ. ಶಿಕ್ಷಕರೊಡನೆ, ಹಿರಿಯರೊಡನೆ ಅದು ಬೇಡವೆಂದು ಮಗಳಿಗೆ ಕಾರಣಸಹಿತ ತಿಳಿಸಿ ಹೇಳಿ.